ಜೂನ್ ತಿಂಗಳಲ್ಲಿ ಅಲ್ಲಿ ಮಳೆಯಿಲ್ಲ

ಫೆಬ್ರವರಿ 7, ಮಂಗಳವಾರ

ಲಾಯರ್ ಮನೆ ಟೆರೇಸ್. ಸೋರುತ್ತದೋ ನೋಡಲು ನೀರು ಕಟ್ಟಿ ಇವತ್ತಿಗೆ ಎರಡನೇ ದಿನ. ಸೀಮೆಸುಣ್ಣದ ಗೆರೆಗಿಂತ ಅರ್ಧ ಬೆರಳು ಇಳಿದಿದೆ. ಪಕ್ಕದಲ್ಲಿಟ್ಟ ಬಕೆಟ್ಟಿನಲ್ಲೂ ಅಷ್ಟೇ. ಅಂದರೆ ಸೋರಿದ್ದಲ್ಲ, ಬಿಸಿಲು ಕುಡಿದದ್ದು. ಲಾಯರ್ ಮೆಟ್ಟಿಲಲ್ಲಿ ನಿಂತು ಪಾಸೋ ಫೇಲೋ ಎಂದು ಕೇಳಿದರು. ನಾಡಿದ್ದು ಹೇಳುತ್ತೇನೆ ಎಂದೆ. ಊರಿಗೆಲ್ಲ ವಾಯಿದೆ ಕೊಡಿಸುವ ಮನುಷ್ಯ, ತನಗೆ ಎರಡು ದಿನದ ವಾಯಿದೆ ಎಂದರೆ ಮುಖ ಹುಳಿ ಮಾಡಿಕೊಳ್ಳುತ್ತಾರೆ.

ಸಂಜೆ ಫಿಸಿಯೋ. ಬಲಭುಜ ಹಿಡಿದುಕೊಂಡು ನಾಲ್ಕು ತಿಂಗಳಾಯಿತು. ಇಷ್ಟು ವರ್ಷ ಟೆರೇಸುಗಳ ಮೇಲೆ ರೋಲರ್ ಎಳೆದದ್ದರ ಬಡ್ಡಿ. ಮೇಡಂ ಕೈ ಎತ್ತಿಸಿದರು. ಕಿವಿಯ ಮಟ್ಟಕ್ಕೆ ಬಂತು, ಅದಕ್ಕಿಂತ ಮೇಲಕ್ಕೆ ಒಲ್ಲೆ ಎಂದಿತು. ನೋವಿದ್ದರೆ ತಕ್ಷಣ ಹೇಳಿ ಎಂದರು, ಎಂದಿನಂತೆ. ಹೇಳಲಿಲ್ಲ, ಎಂದಿನಂತೆ.

ನಾನೇ ಕಡೆಯ ಪೇಷಂಟ್. ಆಮೇಲೆ ಅಲ್ಲೇ ಇಬ್ಬರೂ ಕಾಫಿ ಕುಡಿಯುತ್ತೇವೆ. ಯಾವಾಗ ಶುರುವಾಯಿತು ಈ ಅಭ್ಯಾಸ, ನೆನಪಿಲ್ಲ. ಇವತ್ತು ಟೇಬಲ್ಲಿನ ಗಾಜಿನಡಿ ಹೊಸದೊಂದು ಭೂಪಟ. ನೀಲಿ ಕಾಗದದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಅಷ್ಟೂ ಚುಕ್ಕಿ ಸೇರಿ ಒಂದು ದೇಶವಂತೆ, ವೀಸಾವೂ ಬೇಡವಂತೆ. ಜೂನ್ ತಿಂಗಳಲ್ಲಿ ಅಲ್ಲಿಗೆ ಹೋಗುವ ಪ್ಲಾನ್ ಹಾಕಿದ್ದಾರೆ.

ಜೂನ್ ಅಂದರೆ ಮಳೆಯಲ್ಲವೇ ಎಂದೆ. ನಮಗೆ ಮಳೆ, ಅವರಿಗೆ ಡ್ರೈ ಸೀಸನ್. ಭೂಮಧ್ಯರೇಖೆ ದಾಟಿದರೆ ಎಲ್ಲ ಉಲ್ಟಾ ಎಂದು ವಿವರಿಸಿದರು. ಜೂನ್‌ನಲ್ಲಿ ಮಳೆ ಬರದ ದೇಶ ಇದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾನು ಅಲ್ಲಿರಬಹುದು ಎಂದು ಯಾವತ್ತೂ ಹೊಳೆದಿರಲಿಲ್ಲ.

"ಇಬ್ಬರಿಗೆ ಅಂತ ನೋಡ್ತಿದೀನಿ," ಎಂದರು, ಕಪ್ಪು ತೊಳೆಯುತ್ತಾ, ನನ್ನ ಕಡೆ ತಿರುಗದೆ. "ಬರ್ತೀರಾ?"

ದೋಣಿಯಲ್ಲಿ ಎಷ್ಟು ಹೊತ್ತು ಕೂರಬೇಕು ಎಂದು ಕೇಳಿದೆ. ನಕ್ಕರು. ಒಳ್ಳೆಯ ನಗು.

ಫೆಬ್ರವರಿ 9

ಲಾಯರ್ ಟೆರೇಸ್ ಪಾಸ್. ಹೇಳಿದೆ. ಮೊದಲ ಮಳೆಗೆ ಬರುತ್ತೀರಲ್ಲ ಎಂದು ಈಗಲೇ ಖಾತ್ರಿ ಮಾಡಿಕೊಂಡರು.

ಅದೇ ಕಷ್ಟ. ವಾಟರ್‌ಪ್ರೂಫಿಂಗ್ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಗ್ಯಾರಂಟಿ ಚೀಟಿ ಎಲ್ಲರೂ ಕೊಡುತ್ತಾರೆ. ನಾನು ಚೀಟಿ ಕೊಡುವುದಿಲ್ಲ, ಮೊದಲ ಮಳೆಗೆ ನಾನೇ ಬಂದು ಸೂರಿನಡಿ ನಿಲ್ಲುತ್ತೇನೆ ಎಂದು ಮಾತು ಕೊಡುತ್ತೇನೆ. ಆ ವರ್ಷ ಕೆಲಸ ಮಾಡಿದ ಅಷ್ಟೂ ಮನೆಗೆ. ಕೆಲಸ ಬರುವುದೇ ಆ ಮಾತಿಗೆ. ಹೆಂಡತಿ ಇದ್ದಾಗ ಹೇಳುತ್ತಿದ್ದಳು — ಮಳೆ ಬಂದರೆ ನಿಮಗೆ ಎಲ್ಲರ ಮನೆಯೂ ನೆನಪಾಗುತ್ತದೆ, ನಮ್ಮದೊಂದು ಬಿಟ್ಟು. ಅವಳು ಹೋಗಿ ಆರು ವರ್ಷ.

ಹೋಗಬೇಕು ಅನಿಸಿದೆ. ಬರೆದೇ ಇಡುತ್ತೇನೆ: ಹೋಗಬೇಕು. ಬರ್ತೀರಾ ಎಂದು ಕೇಳಿದ ಗಳಿಗೆಯಲ್ಲೇ ಅನಿಸಿತ್ತು.

ಆದರೆ ಪಾಸ್‌ಪೋರ್ಟ್ ಅವಧಿ ಮುಗಿದಿದೆ. ಮೇಸ್ತ್ರಿ ಒಬ್ಬನೇ ಮೊದಲ ಮಳೆ ನಿಭಾಯಿಸುತ್ತಾನೋ ಇಲ್ಲವೋ ಗೊತ್ತಿಲ್ಲ. ಮಗಳು ಪುಟ್ಟಿಗೆ ಏನೆಂದು ಹೇಳುವುದು? ಅಮ್ಮ ಇದ್ದಾಗ ಪಕ್ಕದ ಊರಿಗೂ ಕರೆದುಕೊಂಡು ಹೋಗದ ಅಪ್ಪ, ಈಗ ಫಿಸಿಯೋ ಮೇಡಂ ಜೊತೆ ಸಮುದ್ರ ದಾಟುತ್ತಾನೆ ಎಂದೇ? ಇವೆಲ್ಲ ನಿಲ್ಲುತ್ತವೋ ಸೋರುತ್ತವೋ ನೋಡದೆ ಹೂಂ ಅಂದುಬಿಟ್ಟು ಆಮೇಲೆ ಕೈ ಎತ್ತಿದರೆ? ಬಾಯಿ ಬಿಟ್ಟರೆ ಬಣ್ಣಗೇಡು. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ. ಮೊದಲು ನನ್ನ ಕಡೆಯದೆಲ್ಲ ಗಟ್ಟಿಯಾಗಲಿ. ಆಮೇಲೆ ಒಂದೇ ಸಲ ಹೇಳಿದರಾಯಿತು.

ಫೆಬ್ರವರಿ 21

ಪಾಸ್‌ಪೋರ್ಟ್ ಫೋಟೋ ತೆಗೆಸಿದೆ. ಫೋಟೋದವನು ನಗಬೇಡಿ ಎಂದ. ನಾನೆಲ್ಲಿ ನಕ್ಕಿದ್ದೆ? ನಕ್ಕಿದ್ದೆನಂತೆ. ಎರಡು ಸಲ ತೆಗೆದ.

ಮೇಸ್ತ್ರಿಯನ್ನು ಕೂರಿಸಿಕೊಂಡು ಹೇಳಿದೆ: ಈ ವರ್ಷ ಮೊದಲ ಮಳೆಗೆ ನಾನಿಲ್ಲದೆ ನೋಡಿಕೊಳ್ಳಬೇಕಾಗಬಹುದು. ಹೂಂ ಎಂದ. ಏನು ಯಾಕೆ ಕೇಳಲಿಲ್ಲ. ಇವನ ಹೂಂಗೆ ಬೆಲೆಯಿಲ್ಲ. ಚಂದ್ರನಿಗೆ ಕೋಟಿಂಗ್ ಮಾಡೋಣವೇ ಎಂದರೂ ಹೂಂ ಅನ್ನುತ್ತಾನೆ, ಸಂಜೆಗೆ ಕರೆದರೆ ಫೋನ್ ಎತ್ತುವುದಿಲ್ಲ. ಇವನಿಗೂ ನೀರು ಕಟ್ಟಿ ನೋಡಬೇಕು.

ಮಾರ್ಚ್ 3

ದೂರದ ಬಡಾವಣೆಯ ಮೆಡಿಕಲ್ ಶಾಪಿಗೆ ಹೋದೆ. ಪುಟ್ಟಿ ಕೆಲಸ ಮಾಡುವ ಅಂಗಡಿ ನಮ್ಮ ಬೀದಿಯ ತುದಿಯಲ್ಲೇ ಇದೆ. ಅಲ್ಲಿ ಕೇಳಿದರೆ ಮಧ್ಯಾಹ್ನದೊಳಗೆ ಅಳಿಯನಿಗೂ ಅವನ ತಾಯಿಗೂ ವರದಿ. ಹಾಗಾಗಿ ಎರಡು ಬಸ್ ಬದಲಿಸಿ ಹೋಗಿ ದೋಣಿಯಲ್ಲಿ ತಲೆ ತಿರುಗದ ಮಾತ್ರೆ ಎರಡು ಸ್ಟ್ರಿಪ್ ತಂದೆ. ಸೊಳ್ಳೆಯ ಮುಲಾಮು ಒಂದು. ಅಂಗಡಿಯವರು ಎಲ್ಲಿಗೆ ಪ್ರಯಾಣ ಎಂದರು. ಹೀಗೇ ಎಂದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಮಾರ್ಚ್ 14, ಮಂಗಳವಾರ

ಇವತ್ತು ಪೂರ್ತಿ ಅದೇ ಮಾತು. ಭುಜ ನೆಪ.

ಮೇಡಂ ಎಲ್ಲವನ್ನೂ ಓದಿಕೊಂಡಿದ್ದಾರೆ. ಡ್ರೈ ಸೀಸನ್ ಅಂದರೆ ಸುಮ್ಮನೆ ಬಿಸಿಲಲ್ಲ. ಒಂದೇ ದಿಕ್ಕಿನಿಂದ ಗಾಳಿ ಬೀಸುತ್ತದೆ, ತಿಂಗಳುಗಟ್ಟಲೆ. ಗಾಳಿಗೆ ಎದುರಾದ ದಂಡೆಯಲ್ಲಿ ಅಲೆ ಜೋರು, ಒಂದಿಷ್ಟು ಹನಿಯೂ ಬೀಳಬಹುದು. ಬೆನ್ನು ಹಾಕಿದ ದಂಡೆ ಒಣ, ನೀರು ತಟ್ಟೆಯಲ್ಲಿಟ್ಟ ಹಾಗೆ. ಉಳಿಯುವ ಜಾಗ ಆ ಕಡೆಯೇ ಇರಬೇಕು. ಮೊದಲ ಐದು ದಿನ ದೊಡ್ಡ ದ್ವೀಪ. ಆಮೇಲೆ ಫೆರಿಯಲ್ಲಿ ಒಂದು ಸಣ್ಣ ದ್ವೀಪಕ್ಕೆ. ವಾರಕ್ಕೆ ಎರಡೇ ಸಲ ಫೆರಿ, ತಪ್ಪಿದರೆ ಅಲ್ಲೇ. ಅಲ್ಲೇ ಅನ್ನುವಾಗ ಅವರಿಗೆ ಹೆದರಿಕೆಯೇನೂ ಇದ್ದಂತೆ ಕಾಣಲಿಲ್ಲ.

ಸಣ್ಣ ದ್ವೀಪದ ಮನೆಯ ಫೋಟೋ ತೋರಿಸಿದರು. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ್ದು, ಗರಿಯ ಮಾಡು. ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಕಂದು ಕಲೆ. "ಸೋರುತ್ತೆ ಇದು," ಎಂದೆ.

"ಮಳೆನೇ ಇಲ್ಲ ಅಂತ ಆಗಿಂದ ಹೇಳ್ತಿದೀನಿ. ಟೆರೇಸ್ ಸರ್, ಒಂದ್ಸಲ ಮಾಡು ಬಿಟ್ಟು ಕೆಳಗಿರೋ ಸಮುದ್ರ ನೋಡಿ."

ನೋಡಿದೆ. ತಳದ ಮರಳೂ ಕಾಣುವಷ್ಟು ತಿಳಿ ನೀರು. ಟೆರೇಸ್ ಸರ್ ಎಂದು ಕರೆಯುವುದು ಅವರೊಬ್ಬರೇ.

ಹೊರಡುವಾಗ ಕೇಳಿದರು. ಅದು ಸೀಸನ್, ಈ ತಿಂಗಳು ಮುಗಿಯುವುದರೊಳಗೆ ಟಿಕೆಟ್ ಮಾಡದಿದ್ದರೆ ಸಿಗುವುದಿಲ್ಲ. ನಿಮ್ಮದು ಹೇಗೆ, ಎಂದರು. ಪಾಸ್‌ಪೋರ್ಟ್ ಅರ್ಜಿ ಹಾಕಿ ಮೂರು ವಾರವಾಗಿದೆ, ಇನ್ನೂ ಬಂದಿಲ್ಲ. ಬಾರದೆ ಏನು ಹೇಳುವುದು. ಲಾಯರ್ ಮನೆಯ ಪೈಪ್ ಬ್ಲಾಕ್ ಆಗಿದೆಯಂತೆ, ಹೋಗಿ ನೋಡಬೇಕು ಎಂದು ಎದ್ದೆ. ಬಾಗಿಲವರೆಗೆ ಬಂದರು.

ದಾರಿಯಲ್ಲಿ ಮನಸ್ಸು ಹಗುರ. ಲಾಯರ್ ಮನೆ ಪೈಪಿನಲ್ಲಿ ಟೆನಿಸ್ ಚೆಂಡು.

ಮಾರ್ಚ್ 31

ತಿಂಗಳ ಕೊನೆ. ಮೇಡಂ ಮತ್ತೆ ಕೇಳಲಿಲ್ಲ. ಇವತ್ತು ಭುಜಕ್ಕೆ ಹೊಸ ವ್ಯಾಯಾಮ ಹೇಳಿಕೊಟ್ಟರು, ಗೋಡೆಯ ಮೇಲೆ ಬೆರಳು ನಡೆಸುವುದು. ಇಬ್ಬರಿಗೆ ಎಂದು ಮೊದಲೇ ನೋಡಿದ್ದರಲ್ಲ, ಹಾಗೇ ಬುಕ್ ಮಾಡಿರುತ್ತಾರೆ. ಹೆಸರು ಆಮೇಲೆ ಸೇರಿಸಬಹುದೇನೋ.

ಕಾಫಿ ಇರಲಿಲ್ಲ. ಹಾಲು ಒಡೆದಿತ್ತಂತೆ.

ಏಪ್ರಿಲ್ 11

ಈ ವಾರ ಮೇಡಂ ಮನೆಯದೇ ಟೆರೇಸ್. ಹಳೇ ಕಟ್ಟಡ, ಮೇಲಿನ ಮಹಡಿ. ಗೋಡೆಗೂ ನೆಲಕ್ಕೂ ಕೂಡುವ ಮೂಲೆಯಲ್ಲಿ ಬಿರುಕು. ಹಳೆಯದನ್ನು ಕೆರೆದು ಮೂಲೆಗಳನ್ನು ದುಂಡಗೆ ತುಂಬಿಸಿದೆವು. ಎಲ್ಲಾ ಟೆರೇಸಿಗೆ ಎರಡು ಸುತ್ತು ಕೋಟಿಂಗ್. ಇದಕ್ಕೆ ಮೂರು. ಮೇಸ್ತ್ರಿ ನನ್ನ ಮುಖ ನೋಡಿದ. ಬಿಸಿಲು ಜಾಸ್ತಿ ಈ ಕಡೆ ಎಂದೆ. ಹೂಂ ಎಂದ.

ಮೇಡಂ ಕ್ಲಿನಿಕ್‌ನಲ್ಲಿದ್ದರು. ಬಾಗಿಲು ತೆಗೆಯಲು ಅವರ ಅಕ್ಕ ಬಂದಿದ್ದರು. ಶಾಲೆಯೊಂದರ ಆಫೀಸಿನಲ್ಲಿ ಕೆಲಸ, ತಂಗಿಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬೇಕು. ಮೊಣಕಾಲು ನೋವು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ನೀರು ತಂದುಕೊಟ್ಟರು. ದೋಣಿಯಲ್ಲಿ ಕೂತರೆ ಹೊಟ್ಟೆ ತೊಳಸುತ್ತದಂತಲ್ಲ, ಅದಕ್ಕೇನು ತಗೊಂಡರೆ ಒಳ್ಳೆಯದು ಎಂದು ಕೇಳಿದರು. ತಂಗಿಯ ಬಗ್ಗೆ ಎಷ್ಟು ಕಾಳಜಿ. ಬ್ಯಾಗಿನಲ್ಲಿ ನನ್ನ ಮಾತ್ರೆ ಇತ್ತು. ಒಂದು ಸ್ಟ್ರಿಪ್ ಕೊಟ್ಟೆ, ದೋಣಿ ಹತ್ತುವ ಅರ್ಧ ಗಂಟೆ ಮೊದಲು ಎಂದೂ ಹೇಳಿದೆ. ತುಂಬಾ ಉಪಕಾರವಾಯಿತು ಎಂದರು.

ಏಪ್ರಿಲ್ 25, ಮಂಗಳವಾರ

ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ನಗುವೇ ಇಲ್ಲ, ಲಾಯರ್ ಎದುರು ನಿಂತ ಅಪರಾಧಿಯಂತೆ ಇದ್ದೇನೆ.

ಮೇಸ್ತ್ರಿಯೂ ಪಾಸ್. ಮೊನ್ನೆ ಎರಡು ಮನೆಯ ದೂರು ಬಂದಾಗ ಬೇಕೆಂದೇ ನಾನು ಹೋಗಲಿಲ್ಲ. ಒಬ್ಬನೇ ಹೋಗಿ ಒಂದು ಕಡೆ ಪೈಪ್ ಸರಿಮಾಡಿ, ಇನ್ನೊಂದು ಕಡೆ ಅದು ಟೆರೇಸಿನ ಸೋರಿಕೆಯಲ್ಲ, ಬಾತ್‌ರೂಮಿನದು ಎಂದು ಮನೆಯವರನ್ನು ಒಪ್ಪಿಸಿ ಬಂದಿದ್ದಾನೆ. ಫೋನ್ ಕೂಡ ಎತ್ತಿದ. ಹೂಂ ಅನ್ನುವುದರ ಹಿಂದೆ ಇಷ್ಟು ಸರಕಿದೆ ಎಂದು ಗೊತ್ತಿರಲಿಲ್ಲ.

ಉಳಿದದ್ದು ಪುಟ್ಟಿ. ಅದೊಂದು ಆದರೆ ಹೇಳುತ್ತೇನೆ.

ಸಂಜೆ ಕ್ಲಿನಿಕ್. ಗಾಜಿನಡಿ ಭೂಪಟ ಇಲ್ಲ. ಮನೆಗೆ ತೆಗೆದುಕೊಂಡು ಹೋದೆ ಎಂದರು. ದ್ವೀಪದ ಮಾತು ಒಂದೂ ಬರಲಿಲ್ಲ, ಮೂರು ವಾರದಿಂದಲೂ ಇಲ್ಲ. ಕಾಫಿಯೂ ಇಲ್ಲ. ಕೆಲಸ ಜಾಸ್ತಿ, ಬೇಸಿಗೆಯಲ್ಲಿ ಎಲ್ಲರಿಗೂ ಬೆನ್ನು ನೋವು. ಸೋರಿಕೆಯಲ್ಲ, ಬಿಸಿಲು ಕುಡಿದದ್ದು.

ಕೈ ಇವತ್ತು ತಲೆಯ ಮೇಲಕ್ಕೆ ಹೋಯಿತು. "ಇನ್ನು ನಾಲ್ಕೈದು ಸಲ ಬಂದ್ರೆ ಸಾಕು ನೀವು," ಎಂದರು.

ಮೇ 10

ನಿನ್ನೆ ಪುಟ್ಟಿಗೆ ಹೇಳಿದೆ. ಬರೆಯಲು ಇವತ್ತು ಕೂತಿದ್ದೇನೆ, ನಿನ್ನೆ ಆಗಲಿಲ್ಲ.

ಅವಳ ಅಂಗಡಿಗೆ ಊಟದ ಬಿಡುವಿನಲ್ಲಿ ಹೋದೆ. ಹಿಂದಿನ ಕೋಣೆಯಲ್ಲಿ, ಔಷಧಿ ಡಬ್ಬಗಳ ನಡುವೆ ಎರಡು ಸ್ಟೂಲು. ಅಲ್ಲೇ ಬೆಳೆದವಳ ಹಾಗೆ ಕಾಲು ಮೇಲೆ ಕಾಲು ಹಾಕಿ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಸುತ್ತಿ ಬಳಸಿ ಹೇಳಿದೆ. ಮಳೆಗಾಲ, ಡ್ರೈ ಸೀಸನ್, ಭೂಮಧ್ಯರೇಖೆ. ಮೇಡಂ ಹೆಸರು ಬರುವ ಹೊತ್ತಿಗೆ ಅವಳ ಬ್ರೆಡ್ಡು ಮುಗಿದಿತ್ತು.

"ನಂಗೆ ಮಾರ್ಚಲ್ಲೇ ಗೊತ್ತು," ಎಂದಳು. ದೂರದ ಬಡಾವಣೆಯ ಅಂಗಡಿಯವರು ಅವಳ ಜೊತೆ ಕಾಲೇಜಿನಲ್ಲಿ ಓದಿದವರಂತೆ. ನಿಮ್ಮಪ್ಪ ದೋಣಿ ಹತ್ತುತ್ತಾರಾ ಎಂದು ಅದೇ ದಿನ ಫೋನ್ ಮಾಡಿದ್ದರಂತೆ. "ನೀನೇ ಹೇಳ್ತೀಯ ಅಂತ ಕಾದೆ. ನಾನೂ ನಿನ್ನ ಮಗಳೇ ತಾನೆ."

ಬೇಜಾರೇನಾದರೂ ಇದೆಯೇ ಎಂದು ಕೇಳಿದೆ. ಅಮ್ಮನೂ ಸಮುದ್ರ ನೋಡಬೇಕಿತ್ತು ಎಂದಳು. ಅಷ್ಟೇ. ಕಣ್ಣು ಒರೆಸಿಕೊಂಡಳು, ನನ್ನ ಕಣ್ಣನ್ನೂ ನೋಡಿದಳು, ಟಿಶ್ಯೂ ಡಬ್ಬ ಈ ಕಡೆ ತಳ್ಳಿದಳು. ಆಮೇಲೆ ಸನ್‌ಸ್ಕ್ರೀನ್ ತೆಗೆದುಕೊಂಡು ಹೋಗು, ನಿನ್ನ ಬೋಳು ತಲೆ ಸುಟ್ಟು ಹೋಗುತ್ತದೆ ಎಂದು ಒಂದು ಟ್ಯೂಬ್ ಕೊಟ್ಟಳು. ಬಂಡೆ ಇಳಿದ ಹಾಗಾಯಿತು.

"ಮೇಡಂ ಏನಂದ್ರು?" ಎಂದು ಕೇಳಿದಳು.

"ಅವರಿಗೆ ಇನ್ನೂ ಹೇಳಿಲ್ಲ."

"ಏನು ಹೇಳಿಲ್ಲ?"

"ಬರ್ತೀನಿ ಅಂತ."

ಪುಟ್ಟಿ ನೀರಿನ ಬಾಟಲಿ ಕೆಳಗಿಟ್ಟಳು. ಅಪ್ಪ, ಎಂದಳು. ಅವಳ ಅಮ್ಮ ಹೀಗೇ ಕರೆಯುತ್ತಿದ್ದಳು ನನ್ನನ್ನು, ಹೆಸರಿಲ್ಲದೆ, 'ಏನೂಂದ್ರೆ' ಎಂದು, ಮುಂದೆ ಹೇಳಿ ಪ್ರಯೋಜನವಿಲ್ಲ ಅನಿಸಿದಾಗ.

ಮೇ 12, ಶುಕ್ರವಾರ

ಪಾಸ್‌ಪೋರ್ಟ್ ಶರ್ಟಿನ ಜೇಬಿನಲ್ಲಿಟ್ಟುಕೊಂಡು ಹೋದೆ. ಇಸ್ತ್ರಿ ಮಾಡಿದ ಶರ್ಟು. ಮೇಡಂ ನನ್ನ ಬೆನ್ನ ಹಿಂದೆ ನಿಂತು ಭುಜದ ಮೂಳೆ ಹಿಡಿದಿದ್ದರು. ಮುಖ ಕಾಣದಿರುವಾಗ ಹೇಳುವುದು ಸುಲಭ ಎಂದುಕೊಂಡು ಹೇಳಿದೆ.

"ನಾನೂ ಬರ್ತೀನಿ."

"ಎಲ್ಲಿಗೆ?"

ಎಲ್ಲಿಗೆ ಎಂದು ಕೇಳಿದರು. ಆಗಲೇ ಅರ್ಥವಾಗಬೇಕಿತ್ತು. ದ್ವೀಪಕ್ಕೆ ಎಂದು, ಪಾಸ್‌ಪೋರ್ಟ್ ತೆಗೆದು, ಮೇಸ್ತ್ರಿ ಪಾಸಾದದ್ದು, ಪುಟ್ಟಿ ಒಪ್ಪಿದ್ದು, ಮಾತ್ರೆ, ಮುಲಾಮು, ಟ್ಯೂಬು, ಎಲ್ಲ ವರದಿ ಒಪ್ಪಿಸಿದೆ. ಭುಜದ ಮೇಲಿನ ಕೈ ಹಾಗೇ ಇತ್ತು, ಒತ್ತಡ ಮಾತ್ರ ಹೋಗಿತ್ತು. ಮುಂದೆ ಬಂದು ಸ್ಟೂಲಿನ ಮೇಲೆ ಕೂತರು.

"ಆ ಟಿಕೆಟ್ ಅಕ್ಕನಿಗೆ ಮಾಡಿ ಒಂದೂವರೆ ತಿಂಗಳಾಯ್ತು."

ಅಕ್ಕನ ಕೈಗೆ ನಾನೇ ಮಾತ್ರೆ ಕೊಟ್ಟದ್ದು ನೆನಪಾಯಿತು.

"ಫೆಬ್ರವರಿಲಿ ಕೇಳ್ದೆ. ದೋಣಿ ಎಷ್ಟು ಹೊತ್ತು ಅಂದ್ರಿ. ಮಾರ್ಚಲ್ಲಿ ಕೇಳ್ದೆ. ಪೈಪ್ ಬ್ಲಾಕು ಅಂದ್ರಿ. ಮೂರನೇ ಸಲ ಕೇಳೋಕೆ ನಂಗೂ ಮರ್ಯಾದೆ ಇದೆ ಅಲ್ವಾ."

ಎಲ್ಲ ಸರಿ ಇದೆಯಾ ಅಂತ ಮೊದಲು ನೋಡಿಕೊಳ್ಳುತ್ತಿದ್ದೆ, ಆಮೇಲೆ ಹೇಳೋಣ ಎಂದಿದ್ದೆ ಎಂದು ಹೇಳಿದೆ. ಕೊಟ್ಟ ಮಾತು ಸೋರಬಾರದಲ್ಲ.

"ನೋಡ್ಕೋತಿದೀರಿ ಅನ್ನೋದಾದ್ರೂ ಹೇಳ್ಬಹುದಿತ್ತು. ನೋವಿದ್ರೆ ಹೇಳಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ? ಹೇಳಲ್ಲ. ನಾನೇ ನಿಮ್ಮ ಮುಖ ನೋಡಿ ಕಂಡುಹಿಡೀಬೇಕು. ಭುಜಕ್ಕೆ ಪರವಾಗಿಲ್ಲ, ಅದು ನನ್ನ ಕೆಲಸ. ಎಲ್ಲದಕ್ಕೂ ಹಾಗೆ ಮಾಡೋಕಾಗಲ್ಲ ನಂಗೆ."

ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. ಮಾಜಿ ಗಂಡನೂ ಹೀಗೇ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದ, ಅವನ ಜೊತೆ ಹನ್ನೊಂದು ವರ್ಷ ಮುಖ ನೋಡಿ ನೋಡಿ ಅರ್ಥ ಮಾಡಿಕೊಂಡು ಸಾಕಾಯಿತು ಎಂದರು. ಹಿಂದೆಂದೂ ಆ ಮನುಷ್ಯನ ವಿಷಯ ಎತ್ತಿದವರಲ್ಲ. ಆಮೇಲೆ ಎದ್ದು ಬಂದು ಬಾಕಿಯಿದ್ದ ವ್ಯಾಯಾಮ ಪೂರ್ತಿ ಮಾಡಿಸಿದರು. ಒಂದೂ ಬಿಡಲಿಲ್ಲ.

ಮೇ 13

ಬೇಜಾರಾಗಿದೆ. ತುಂಬಾ.

ಮೇ 21

ಎರಡು ಟೆರೇಸ್. ಒಂದಕ್ಕೆ ನೀರು ಕಟ್ಟಿದ್ದೇವೆ.

ಪುಟ್ಟಿ ಬಂದಿದ್ದಳು. ಕೇಳಿದಳು, ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಮೊಟ್ಟೆ ಬೇಯಿಸಿಕೊಟ್ಟು ಹೋದಳು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಯೋಚಿಸಿದ್ದೇನೆ. ಟೆರೇಸಿಗೆ ನೀರು ಕಟ್ಟುವಾಗ ಮನೆಯವರಿಗೆ ಹೇಳಿಯೇ ಕಟ್ಟುತ್ತೇನೆ. ಇಷ್ಟು ದಿನ ಕಾಯಬೇಕು, ಇಂಥ ದಿನ ಹೇಳುತ್ತೇನೆ ಎಂದು. ಲಾಯರಿಗೂ ಹೇಳಿದ್ದೆ. ಯಾವ ಗಿರಾಕಿಯನ್ನೂ ಹೀಗೆ ಕತ್ತಲಲ್ಲಿ ಇಟ್ಟಿಲ್ಲ. ಇವರನ್ನು ಮಾತ್ರ ಇಟ್ಟೆ. ಯಾಕೆ ಎಂದರೆ, ಹೇಳಿಬಿಟ್ಟು ಆಮೇಲೆ ಆಗದಿದ್ದರೆ ಎಂಬ ಹೆದರಿಕೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮೇ 30, ಮಂಗಳವಾರ

ಕಡೆಯ ಸೆಷನ್. ಕೈ ಪೂರ್ತಿ ಮೇಲಕ್ಕೆ ಹೋಗುತ್ತದೆ. ಇನ್ನು ಬರಬೇಕಾಗಿಲ್ಲ, ಮನೆಯಲ್ಲೇ ವ್ಯಾಯಾಮ ಮಾಡಿದರೆ ಸಾಕು ಎಂದರು. ಹತ್ತನೇ ತಾರೀಕು ಶನಿವಾರ ಹೊರಡುತ್ತಾರೆ. ಮನೆಯ ಕೀಲಿಯ ಒಂದು ಜೊತೆ ಕೊಟ್ಟರು. "ಮೊದಲ ಮಳೆಗೆ ಬಂದು ನೋಡ್ತೀರಲ್ಲ, ನಾನಿರಲ್ಲ ಆಗ." ಎಲ್ಲಾ ಗಿರಾಕಿಗಳು ಹೇಳುವ ಹಾಗೇ ಹೇಳಿದರು. ಬರುತ್ತೇನೆ ಎಂದೆ, ತಕ್ಷಣ. ಇದಕ್ಕೆ ಮಾತ್ರ ತಕ್ಷಣ ಬರುತ್ತದೆ.

ಒಳ್ಳೆಯದಾಗಲಿ ಪ್ರಯಾಣ ಎಂದೆ. ಗಾಳಿಗೆ ಬೆನ್ನು ಹಾಕಿದ ದಂಡೆಯ ಕೋಣೆಯೇ ಸಿಕ್ಕಿತಾ ಎಂದು ಕೇಳಿದೆ. ಸಿಕ್ಕಿತಂತೆ.

ಜೂನ್ 6

ಮೋಡ. ಮಳೆಯಿಲ್ಲ. ಮೇಸ್ತ್ರಿ ಕೇಳಿದ, ನೀವು ಹೋಗೋದು ಯಾವಾಗ ಯಜಮಾನ್ರೇ. ಹೋಗುತ್ತಿಲ್ಲ ಎಂದೆ. ಹೂಂ ಎನ್ನಲಿಲ್ಲ ಮೊದಲ ಬಾರಿಗೆ. ರೋಲರ್ ಎತ್ತಿಕೊಂಡು ಹೋದ.

ಜೂನ್ 10, ಶನಿವಾರ. ಮಧ್ಯಾಹ್ನ 3.40. ಮೇಡಂ ಮನೆ.

ಡೈರಿ ಬ್ಯಾಗಿನಲ್ಲೇ ಇತ್ತು. ಮೊದಲ ಮಳೆಯ ದಿನ ಯಾವ ಮನೆಯಲ್ಲಿ ಏನು ಎಂದು ಬರೆದುಕೊಳ್ಳಲು ತಂದಿರುತ್ತೇನೆ.

ಎರಡಕ್ಕೆ ಶುರುವಾಯಿತು. ಸಣ್ಣ ಮಳೆಯಲ್ಲ, ಇಳಿಸಿಬಿಟ್ಟಿದೆ. ಫೋನಿನ ಮೇಲೆ ಫೋನ್. ಮೇಸ್ತ್ರಿ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಎಂದು ಹಂಚಿಕೊಂಡೆವು. ಸಾಲಿನಲ್ಲಿ ಮೊದಲು ಬರುವುದು ಲಾಯರ್ ಮನೆ. ಅದನ್ನು ಬಿಟ್ಟು ಸೀದಾ ಇಲ್ಲಿಗೆ ಬಂದೆ.

ಕೋಣೆ ಕೋಣೆಗೂ ಟಾರ್ಚ್ ಹಿಡಿದು ನೋಡಿದೆ. ಮೂಲೆ, ಫ್ಯಾನಿನ ಕೊಂಡಿ, ಕಿಟಕಿಯ ಮೇಲಿನ ಸಜ್ಜಾ. ಗೋಡೆಗೆ ಅಂಗೈ ಇಟ್ಟು ನೋಡಿದೆ. ಒಂದು ಹನಿ ಇಲ್ಲ. ಒಂದು ಕಲೆ ಇಲ್ಲ. ಇಷ್ಟು ವರ್ಷದಲ್ಲಿ ಮಾಡಿದ ಕೆಲಸದಲ್ಲೆಲ್ಲ ಇದೇ ಚೆನ್ನಾಗಿ ಬಂದಿದೆ. ಊಟದ ಟೇಬಲ್ಲಿನ ಮೇಲೆ ಭೂಪಟ ಬಿಟ್ಟು ಹೋಗಿದ್ದಾರೆ. ತಟ್ಟೆಯೊಂದು, ಲೋಟವೊಂದು ತೊಳೆದು ಬೋರಲು ಹಾಕಿದ್ದಾರೆ. ನೆಲದ ಮೇಲೆ ಕೂತೆ. ಹೊರಗೆ ಅಷ್ಟು ಸದ್ದು, ಒಳಗೆ ಏನೂ ಇಲ್ಲ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

ಆಗ ಅವರದೇ ಫೋನ್. ಏರ್‌ಪೋರ್ಟಿನಲ್ಲಿದ್ದಾರೆ, ಮಳೆಗೆ ವಿಮಾನ ತಡ. ಸೋರ್ತಿದೆಯಾ ಎಂದರು. ಇಲ್ಲ ಎಂದೆ. ಒಂದು ಹನಿಯೂ ಇಲ್ಲವೇ ಎಂದರು. ಇಲ್ಲ ಎಂದೆ. ಅಕ್ಕ ಈಗಲೇ ಒಂದು ಮಾತ್ರೆ ನುಂಗಿ ಕೂತಿದ್ದಾಳೆ, ವಿಮಾನಕ್ಕೂ ಆಗುತ್ತದಾ ಅದು ಎಂದರು. ಆಗುತ್ತದೆ ಎಂದೆ. ಅಕ್ಕನಿಗೆ ಐದೇ ದಿನ ರಜೆ, ಶಾಲೆ ಶುರು, ಗುರುವಾರ ಅವಳು ದೊಡ್ಡ ದ್ವೀಪದಿಂದಲೇ ವಾಪಸ್ಸು ಹೊರಡುತ್ತಾಳೆ. ಸಣ್ಣ ದ್ವೀಪಕ್ಕೆ ತಾನೊಬ್ಬಳೇ ಎಂದರು. ಸುಮ್ಮನೆ ಸುದ್ದಿ ಹೇಳುವ ಹಾಗೆ. ಬರ್ತೀರಾ ಎಂದು ಕೇಳಲಿಲ್ಲ. ಕೇಳುವುದಿಲ್ಲ ಎಂದು ಆವತ್ತೇ ಹೇಳಿದ್ದಾರೆ.

ವಾರದಲ್ಲಿ ಟಿಕೆಟ್ ಸಿಗುತ್ತದೋ ಇಲ್ಲವೋ. ಮಳೆ ಇನ್ನೂ ಈಗ ಶುರು, ಅರ್ಧ ಮನೆ ನೋಡಿಲ್ಲ. ಫೆರಿ ಯಾವ ದಿನ ಹೊರಡುತ್ತದೋ ಗೊತ್ತಿಲ್ಲ. ಏನೊಂದೂ ಗಟ್ಟಿಯಿಲ್ಲ.

"ನಾನು ಬರ್ಬೇಕು ಅಂತಿದೀನಿ," ಎಂದೆ. "ಗುರುವಾರಕ್ಕೆ. ಟಿಕೆಟ್ ಸಿಗುತ್ತೋ ಇಲ್ವೋ ಗೊತ್ತಿಲ್ಲ. ಮೊದಲ ದಿನಾನೇ ಬರ್ಬೇಕು ಅನ್ನಿಸಿತ್ತು. ಹೇಳಿರಲಿಲ್ಲ, ಹೇಳ್ತಿದೀನಿ."

ಆ ಕಡೆ ಮೈಕಿನಲ್ಲಿ ಯಾವುದೋ ವಿಮಾನದ ಹೆಸರು, ಮಗುವೊಂದರ ಅಳು. ಇಟ್ಟರೇನೋ ಎಂದುಕೊಂಡೆ.

"ನಾನು ಕಾಯಲ್ಲ," ಎಂದರು ಮೇಡಂ. "ಕಾದು ಸಾಕಾಗಿದೆ. ಆದ್ರೆ ಅಲ್ಲೇ ಇರ್ತೀನಿ."

ಅಷ್ಟು ಹೇಳಿ ಇಟ್ಟರು.

3.55

ಮೇಸ್ತ್ರಿಗೆ ಹೇಳಿದೆ, ಉಳಿದ ಮನೆ ಎಲ್ಲ ನಿನ್ನದು. ಹೂಂ ಎಂದ. ಲಾಯರ್ ಮೂರು ಸಲ ಫೋನ್ ಮಾಡಿದ್ದಾರೆ. ಎತ್ತಿಲ್ಲ. ಟ್ರಾವೆಲ್ಸಿನವನಿಗೆ ಫೋನ್ ಹಚ್ಚಿದ್ದೇನೆ, ರಿಂಗ್ ಆಗುತ್ತಿದೆ. ಎಡಗೈಯಲ್ಲಿ ಫೋನ್ ಹಿಡಿದು ಬರೆಯುತ್ತಿದ್ದೇನೆ. ಗುರುವಾರ ಇಲ್ಲದಿದ್ದರೆ ಶುಕ್ರವಾರ, ಅದೂ ಇಲ್ಲದಿದ್ದರೆ ಯಾವ ದಾರಿಯಾದರೂ... ಎತ್ತಿದ. ಹೇಳಿ ಸಾರ್ ಅನ್ನುತ್ತಿದ್ದಾನೆ, ನಾನು